ಹುಟ್ಟುಗುಣ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಮಾತನ್ನು ನಮ್ಮ ಹಿರಿಯರು ಎಷ್ಟು ನಿಶ್ಚಿಂತೆಯಿಂದ ಆಡುತ್ತಿದ್ದರೆಂದರೆ, ಅದನ್ನು ಪರೀಕ್ಷಿಸಿ ನೋಡಬೇಕೆಂಬ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಇನ್ನೊಂದು ಗಾದೆಯೇ ಅದಕ್ಕೆ ಜಾಮೀನು ನಿಂತಿದೆ. ಈ ಗಾದೆಯ ಮೇಲೆ ನನಗೆ ಬಹುಕಾಲದಿಂದ ಒಂದು ತಕರಾರಿದೆ.

ಅದರಲ್ಲಿ ಸತ್ಯಾಂಶವೇ ಇಲ್ಲವೆಂದಲ್ಲ. ನಗುವ ರೀತಿ, ಕೋಪ ಬಂದಾಗಿನ ಧ್ವನಿ, ಸಿಹಿಯ ಮೇಲಿನ ಆಸೆ ಇವು ಹಲವರಲ್ಲಿ ಬಾಲ್ಯದಿಂದ ಮುಪ್ಪಿನವರೆಗೂ ಉಳಿಯುವುದುಂಟು. ಇಪ್ಪತ್ತು ವರ್ಷಗಳ ಹಿಂದೆ ಮಾಡಿದ ಸಾಲಕ್ಕೆ ‘ಆಗಿನವನು ಬೇರೆ, ಈಗಿನ ನಾನು ಬೇರೆ’ ಎಂದರೆ ಯಾವ ಸಾಹುಕಾರನೂ ಒಪ್ಪಲಾರ, ಒಪ್ಪಬೇಕಾಗಿಯೂ ಇಲ್ಲ. ಆದರೆ ಮಾಡಿದ ಕಾರ್ಯಕ್ಕೆ ಹೊಣೆಗಾರನಾಗಿ ಉಳಿಯುವುದು ಬೇರೆ, ಆ ಒಂದು ಕಾರ್ಯವೇ ತಾನಾಗಿ ಉಳಿದುಬಿಡುವುದು ಬೇರೆ. ಗಾದೆ ಈ ಎರಡನ್ನೂ ಕಲೆಸಿಬಿಡುತ್ತದೆ.

ತತ್ತ್ವಜ್ಞರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದಾರೆ. ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ಯವನ ದೊರೆ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆಯುವ ಸಂವಾದವಿದೆ. ತೊಟ್ಟಿಲ ಶಿಶುವೂ ಬೆಳೆದು ನಿಂತ ಪುರುಷನೂ ಒಬ್ಬನೆಯೊ ಬೇರೆ ಬೇರೆಯೊ ಎಂಬುದು ಅಲ್ಲಿಯ ವಿಷಯಗಳಲ್ಲೊಂದು. ನಾಗಸೇನನು ರಾತ್ರಿಯೆಲ್ಲ ಉರಿಯುವ ದೀಪದ ದೃಷ್ಟಾಂತವನ್ನು ಕೊಟ್ಟು, ಅವನೇ ಎನ್ನುವಂತೆಯೂ ಇಲ್ಲ, ಅನ್ಯನೆನ್ನುವಂತೆಯೂ ಇಲ್ಲ ಎಂಬಲ್ಲಿಗೆ ದೊರೆಯನ್ನು ತಂದು ನಿಲ್ಲಿಸುತ್ತಾನೆ. ಉತ್ತರ ಸೊಗಸಾಗಿದೆ. ಆದರೆ ನಾವು ಉರಿಯುವುದು ನಿರ್ಜನವಾದ ಕೋಣೆಯಲ್ಲಲ್ಲವಷ್ಟೆ! ಸುತ್ತ ಕುಳಿತವರು ಮೊದಲನೆಯ ಜಾವದ ಬೆಳಕನ್ನೇ ನೆನಪಿನಲ್ಲಿಟ್ಟುಕೊಂಡು, ಕಡೆಯ ಜಾವದಲ್ಲಿಯೂ ಅದನ್ನೇ ಕಾಣುತ್ತೇವೆಂದು ಹಟ ಹಿಡಿದರೆ ದೀಪವಾದರೂ ಏನು ಮಾಡೀತು?

ನಮ್ಮ ಕಾಲಕ್ಕೆ ಸಮೀಪದ ಮನಶ್ಶಾಸ್ತ್ರಜ್ಞರಲ್ಲಿ ಈ ವಿಷಯವನ್ನು ಆಳವಾಗಿ ವಿಚಾರ ಮಾಡಿದವನು ಎರಿಕ್ ಎರಿಕ್‌ಸನ್. 1950ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಮನುಷ್ಯನ ಆಯುಷ್ಯವನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದ. ವ್ಯಕ್ತಿತ್ವದ ರಚನೆ ಹರೆಯಕ್ಕೆ ಮುಗಿಯುವುದಿಲ್ಲ. ಮುಪ್ಪಿಗೂ ಅದರದೇ ಆದ ಹೋರಾಟವುಂಟು ಎಂಬುದು ಅವನ ವಾದ. ಈ ವಾದ ಬರಿಯ ಪುಸ್ತಕದ್ದೂ ಅಲ್ಲ. 1902ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದಾಗ ಅವನು ಸಾಲೊಮನ್‌ಸೆನ್; ಮಲತಂದೆಯ ಮನೆಯಲ್ಲಿ ಹೋಂಬರ್ಗರ್; 1939ರಲ್ಲಿ ಅಮೆರಿಕದ ಪ್ರಜೆಯಾದಾಗ ಎರಿಕ್‌ಸನ್, ಎಂದರೆ ಎರಿಕನ ಮಗ. ತನ್ನನ್ನು ಹೆತ್ತ ತಂದೆ ಯಾರೆಂದು ತಿಳಿಯದವನು ತನಗೆ ತಾನೇ ತಂದೆಯಾದನೆಂದು ಹೇಳಬಹುದು.

ಮೂರು ಹೆಸರುಗಳ ಮಾತು ಬಂದಾಗ ಕನ್ನಡಿಗರಿಗೆ ತ್ರಿವೇಣಿಯವರ ನೆನಪಾಗುವುದು ಸಹಜ. ಅವರು ಹುಟ್ಟಿದಾಗ ಭಾಗೀರಥಿ, ಶಾಲೆಗೆ ಸೇರಿದಾಗ ಅನಸೂಯ, ಓದುಗರಿಗೆ ತ್ರಿವೇಣಿ. ಮನಶ್ಶಾಸ್ತ್ರವನ್ನು ಓದಿ ಪದವಿ ಪಡೆದಿದ್ದ ಅವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ ‘ಶರಪಂಜರ’ವನ್ನು ನಮ್ಮಲ್ಲಿ ಹುಚ್ಚಿನ ಕಥೆಯೆಂದು ಹೇಳುವ ರೂಢಿಯಿದೆ. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಚಲನಚಿತ್ರವಾಗಿಸಿದ ಮೇಲಂತೂ ಆ ರೂಢಿ ಇನ್ನೂ ಬಲಿಯಿತು. ನನಗೆ ಅದು ಹುಚ್ಚು ಬಿಟ್ಟ ಮೇಲಿನ ಕಥೆಯಾಗಿ ಕಾಣುತ್ತದೆ. ಕಾವೇರಿ ಗುಣಮುಖಳಾಗಿ ಮನೆಗೆ ಬರುತ್ತಾಳೆ. ಅವಳಿಗೆ ಗುಣವಾಗಿದೆ, ಇತರರ ನೆನಪಿಗೆ ಗುಣವಾಗಿಲ್ಲ. ಅವಳು ನಕ್ಕರೆ ಒಂದು ಸಂಶಯ, ಮುನಿದರೆ ಇನ್ನೊಂದು ಸಂಶಯ. ಎಲ್ಲರಿಗೂ ಬರುವ ಸಾಮಾನ್ಯವಾದ ಸಿಟ್ಟು ಕೂಡ ಅವಳಲ್ಲಿ ಮಾತ್ರ ರೋಗದ ಲಕ್ಷಣ. ವೈದ್ಯರು ಕೊಟ್ಟ ಬಿಡುಗಡೆಯನ್ನು ಮನೆಯವರೂ ನೆರೆಯವರೂ ಸೇರಿ ರದ್ದು ಮಾಡುತ್ತಾರೆ. ಮನುಷ್ಯನು ಬದಲಾಗಲು ಅವನ ಪ್ರಯತ್ನವೊಂದೇ ಸಾಲದು, ಸುತ್ತಲಿನವರ ಅನುಮತಿಯೂ ಬೇಕಾಗುತ್ತದೆಯೆಂದು ಯಾವ ಶಾಸ್ತ್ರಗ್ರಂಥವೂ ನನಗೆ ಇಷ್ಟು ಮನಮುಟ್ಟುವಂತೆ ತಿಳಿಸಿಲ್ಲ.

ಈ ಅನುಮತಿಯ ವಿಷಯದಲ್ಲಿ ಉಪಾಧ್ಯಾಯರಾದ ನಾವು ಇತರರಿಗಿಂತ ಹೆಚ್ಚು ಜಿಪುಣರೆಂದು ತೋರುತ್ತದೆ. ನಮ್ಮ ಕೈಗೆ ಬರುವವರು ಇನ್ನೂ ಆಕಾರ ತಳೆಯದ ಹುಡುಗರು. ಒಬ್ಬನನ್ನು ದಡ್ಡನೆಂದೋ ಪುಂಡನೆಂದೋ ಜೂನ್ ತಿಂಗಳಲ್ಲಿ ಒಮ್ಮೆ ತೀರ್ಮಾನಿಸಿದರೆ ಮಾರ್ಚಿಯವರೆಗೂ ಆ ತೀರ್ಪಿಗೆ ಮೇಲ್ಮನವಿಯಿಲ್ಲ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹದಿಮೂರು ವರ್ಷವಿರಬಹುದು. ಜೊತೆಯವನ ಫೀಜಿನ ಹಣ ಕದ್ದು ಸಿಕ್ಕಿಬಿದ್ದ. ಹಣ ಹಿಂದಕ್ಕೆ ಬಂತು, ಏಟೂ ಬಿತ್ತು. ಮೂವತ್ತು ವರ್ಷಗಳ ತರುವಾಯ, ಕಳೆದ ಮಾಘ ಮಾಸದಲ್ಲಿ, ಮಗಳ ಲಗ್ನಪತ್ರಿಕೆ ಹಿಡಿದು ಅವನು ನನ್ನ ಮನೆಗೆ ಬಂದ. ತಲೆ ನರೆತಿತ್ತು. ಎಂಟು ಮಂದಿಗೆ ಕೆಲಸ ಕೊಟ್ಟಿರುವ ಅಂಗಡಿಯ ಯಜಮಾನ. ಕಾಲಿಗೆ ನಮಸ್ಕರಿಸಿ, “ಸಾರ್, ತಾವು ಬಂದು ಹರಸಬೇಕು” ಎಂದ. ನನಗೆ ನಿಜವಾಗಿಯೂ ಸಂತೋಷವಾಯಿತು. ಒಳಗಿನಿಂದ ಕಾಫಿ ತರಿಸಿದೆ. ಮಳೆ, ಬೆಲೆ, ಬೀಗರು ಎಂದು ಒಂದು ಗಂಟೆ ಮಾತಾಡಿದೆವು. ಆ ಹಳೆಯ ಪ್ರಸಂಗವನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವನನ್ನು ಗೇಟಿನವರೆಗೂ ಕಳುಹಿಸಿ ಬಂದು ಹೊತ್ತು ನೋಡಲೆಂದು ಮೇಜಿನ ಮೇಲೆ ಕೈಗಡಿಯಾರ ಹುಡುಕಿದೆ. ಇರಲಿಲ್ಲ. ಎದೆ ಒಮ್ಮೆ ಧಸಕ್ಕೆಂದಿತು. ಮೇಜಿನ ಖಾನೆ ಎಳೆದರೆ ಅದು ಅಲ್ಲಿಯೇ ಇತ್ತು. ಅವನು ಮಾತಾಡುತ್ತಿದ್ದಾಗ ನಾನೇ, ನನ್ನ ಕೈಯಾರೆ, ಅದನ್ನು ಒಳಗೆ ಸರಿಸಿ ಖಾನೆ ಮುಚ್ಚಿದ್ದೆ. ಅವನ ಕಣ್ಣಿಗೆ ಅದು ಬಿತ್ತೋ ಇಲ್ಲವೋ ತಿಳಿಯದು. ಮದುವೆಗೆ ಹೋದಾಗ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ನನ್ನನ್ನು ಕುಳ್ಳಿರಿಸಿದ.