ಬಾಡಿಗೆಗೇ ಮುಗಿದ ನೀರುಳ್ಳಿ

2023ರ ಫೆಬ್ರವರಿಯಲ್ಲಿ ಬಾರ್ಶಿ ತಾಲೂಕಿನ ರೈತರೊಬ್ಬರು ಸೊಲ್ಲಾಪುರದ ಮಾರುಕಟ್ಟೆಗೆ 512 ಕಿಲೋ ನೀರುಳ್ಳಿ ತಂದು ಮಾರಿದರು. ಕಿಲೋ ಒಂದಕ್ಕೆ ಸಿಕ್ಕಿದ್ದು ಒಂದು ರೂಪಾಯಿ. ವಾಹನದ ಬಾಡಿಗೆ, ಹಮಾಲಿ, ತೂಕದ ಕೂಲಿ ಎಲ್ಲ ಕಳೆದು ಉಳಿದದ್ದು 2 ರೂಪಾಯಿ 49 ಪೈಸೆ. ಕೈಗೆ ಬಂದದ್ದು 2 ರೂಪಾಯಿಯ ಚೆಕ್ಕು, ಅದೂ ಮುಂದಿನ ತಾರೀಕಿನದು. ದೇಶದ ಪತ್ರಿಕೆಗಳೆಲ್ಲ ಬೆಲೆ ಕುಸಿತದ ಬಗ್ಗೆ ಬರೆದವು. ಅದು ಸರಿಯೇ. ಆದರೆ ಬೆಲೆ ರೈತನ ಕೈಯಲ್ಲಿಲ್ಲ. ಬಾಡಿಗೆಯಾದರೂ ಸ್ವಲ್ಪಮಟ್ಟಿಗೆ ಇದೆ ಎಂಬುದು ನಮ್ಮ ಇಂದಿನ ಮಾತು.

ಅದೇ ಮಾರುಕಟ್ಟೆಯನ್ನು ಅಕ್ಕಲಕೋಟೆ ತಾಲೂಕಿನ ನಮ್ಮ ಭಾಷಾಬಾಂಧವರೂ ನಂಬಿದ್ದಾರೆ. ಬೋರಿ ನದಿಯ ಅಣೆಕಟ್ಟಿನ ಊರಾದ ಕುರನೂರ ಆ ತಾಲೂಕಿನದು. ನಾವು ನೀರುಳ್ಳಿ ಎನ್ನುವುದನ್ನು ಆ ಕಡೆಯವರು ಉಳ್ಳಾಗಡ್ಡಿ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ನಮ್ಮ ನೆಲವನ್ನೂ ಅಕ್ಕಲಕೋಟೆಯನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದು ಹೇಳಿತ್ತು. ನಾವು ಇಲ್ಲಿ ಉಳಿದೆವು, ಅವರು ಅಲ್ಲಿ ಉಳಿದರು. ಆ ಕಥೆಯನ್ನು ಇಂದು ಎತ್ತುವುದಿಲ್ಲ. ಗಡಿ ತೀರ್ಮಾನವಾಗುವ ತನಕ ನೀರುಳ್ಳಿ ಕೊಳೆಯದೆ ಕಾಯುವುದಿಲ್ಲವಷ್ಟೆ.

ಮಾರುಕಟ್ಟೆಯಿಂದ 40 ಕಿ.ಮೀ. ದೂರದಲ್ಲಿ ಎರಡು ಹಳ್ಳಿಗಳಿವೆ, ಅವುಗಳ ನಡುವೆ 5 ಕಿ.ಮೀ. ಅಂತರವಿದೆ ಎಂದು ಇಟ್ಟುಕೊಳ್ಳೋಣ. ಎರಡೂ ಕಡೆಯಿಂದ ಅರ್ಧ ತುಂಬಿದ ಒಂದೊಂದು ಟೆಂಪೋ ಹೋಗಿ ಬಂದರೆ ಒಟ್ಟು ಓಟ 160 ಕಿ.ಮೀ. ಒಂದೇ ಟೆಂಪೋ ಎರಡೂ ಹಳ್ಳಿ ಮುಟ್ಟಿ ಹೋದರೆ 85. ಈ ಉಳಿತಾಯದ ಲೆಕ್ಕವನ್ನೇ ಹಿಡಿದು ಬಹಳ ಊರುಗಳಿಗೆ ವಾಹನದ ದಾರಿ ಗೊತ್ತುಪಡಿಸುವ ಕ್ರಮವನ್ನು 1964ರಲ್ಲಿ ಮ್ಯಾಂಚೆಸ್ಟರಿನ ಕ್ಲಾರ್ಕ್ ಮತ್ತು ರೈಟ್ ಎಂಬವರು ಪ್ರಕಟಿಸಿದರು. ಅವರಲ್ಲಿ ಕ್ಲಾರ್ಕ್ ಅಲ್ಲಿಯ ಸಹಕಾರಿ ಸಗಟು ಸಂಘದವರು ಎಂಬುದನ್ನು ನಮ್ಮ ಸಹಕಾರಿ ಧುರೀಣರು ಗಮನಿಸಬೇಕು. ಪೇಟೆಯೊಳಗಿನ ಕಥೆಯೂ ಬೇರೆಯಲ್ಲ. ಒಂದೇ ಓಣಿಯ ನಾಲ್ಕು ಅಂಗಡಿಗೆ ನಾಲ್ಕು ಸಾಗಾಟದವರ ನಾಲ್ಕು ವಾಹನ ಬಂದು ನಿಂತರೆ ನಡೆಯುವವನಿಗೆ ದಾರಿಯಿಲ್ಲ, ಉಸಿರಾಡುವವನಿಗೆ ಗಾಳಿಯಿಲ್ಲ. ಊರ ಹೊರಗೆ ಎಲ್ಲರಿಗೂ ಸೇರಿದ ಒಂದು ಡಿಪೋ ಇದ್ದು, ಅಲ್ಲಿಂದ ಸಣ್ಣ ಬ್ಯಾಟರಿ ವಾಹನವೊಂದು ಓಣಿ ಸುತ್ತಿದರೆ ಸಾಕು. ಹಳ್ಳಿಯ ಟೆಂಪೋ ಡಿಪೋದಿಂದಲೇ ಗೊಬ್ಬರವನ್ನೋ ಜೀನಸಿಯನ್ನೋ ತುಂಬಿಕೊಂಡು ಹಿಂತಿರುಗಬಹುದು. ಖಾಲಿ ಬರುವ ಗಾಡಿಯ ಬಾಡಿಗೆಯೂ ರೈತನ ತಲೆಗೇ ತಾನೆ?

ಕಷ್ಟ ಇರುವುದು ಡಿಪೋ ಎಲ್ಲಿರಬೇಕು ಎಂಬಲ್ಲಿ. ಮಂಗಳೂರಿನ ಸೆಂಟ್ರಲ್ ಮಾರ್ಕೆಟಿನ ಸಗಟು ವ್ಯಾಪಾರವನ್ನು 2020ರ ಕೊರೊನಾ ಕಾಲದಲ್ಲಿ ಬೈಕಂಪಾಡಿಯ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಕಳುಹಿಸಿದರು. ಪೇಟೆಯ ನಡುವಿನ ಇಕ್ಕಟ್ಟು ನೋಡಿದರೆ ಆಲೋಚನೆ ತಪ್ಪಲ್ಲ. ಆದರೆ ಬೈಕಂಪಾಡಿ ನಗರದ ಉತ್ತರಕ್ಕಿದೆ. ಮಂಜೇಶ್ವರ, ಉಪ್ಪಳದಿಂದ ಹೋಗುವವರು ನೇತ್ರಾವತಿ ದಾಟಿ, ಪಂಪ್‌ವೆಲ್, ನಂತೂರು, ಕೂಳೂರು ಎಲ್ಲ ಕಳೆದು ಮುಟ್ಟಬೇಕು. ನಕ್ಷೆಯಲ್ಲಿ ಊರ ಹೊರಗೆ ಎಂದು ಕಾಣುವುದು ತೆಂಕಣದವರಿಗೆ ಊರ ಆಚೆ. ಅಕ್ಕಲಕೋಟೆಯಲ್ಲೇ ಡಿಪೋ ಮಾಡಿದರೂ ಸೊಲ್ಲಾಪುರದ ದಿಕ್ಕಿನ ಹಳ್ಳಿಯವರು ಹಿಂದಕ್ಕೆ ಹೋಗಿ ಮುಂದಕ್ಕೆ ಬರಬೇಕಾದೀತು. ಜಾಗ ಅಗ್ಗಕ್ಕೆ ಸಿಕ್ಕಿತೆಂದೋ ಅಧ್ಯಕ್ಷರ ಮನೆಗೆ ಹತ್ತಿರವೆಂದೋ ನಿಶ್ಚಯಿಸಿದರೆ ಕೂಟ ಒಡೆಯಲು ಎರಡು ಹಂಗಾಮು ಬೇಡ.

ಉಳಿತಾಯ ಹಂಚುವುದು ಅದಕ್ಕಿಂತಲೂ ನಾಜೂಕಿನ ಕೆಲಸ. ಯಾರೂ ತಾವೊಬ್ಬರೇ ಹೋಗಿದ್ದರೆ ತಗಲುತ್ತಿದ್ದುದಕ್ಕಿಂತ ಹೆಚ್ಚು ಕೊಡಬಾರದು. ತುದಿಯ ಹಳ್ಳಿಯನ್ನು, ಸುತ್ತು ಹೆಚ್ಚೆಂದು, ಬಿಟ್ಟುಬಿಡಬಾರದು. ಮತ್ತು ಲೆಕ್ಕ ಎಲ್ಲರಿಗೂ ಓದಲು ಬರಬೇಕು. ಇದನ್ನು ನಾವು ಒತ್ತಿ ಹೇಳುತ್ತೇವೆ. ಕುರನೂರದ ಕನ್ನಡ ಅಜ್ಜನಿಗೆ ಮರಾಠಿ ರಶೀದಿ ಕೊಟ್ಟರೆ, ಪೆರ್ಲದ ಅಜ್ಜನಿಗೆ ಮಲಯಾಳ ರಶೀದಿ ಕೊಟ್ಟರೆ, ಎಷ್ಟು ಕಳೆದರು ಎಂದು ಮೊಮ್ಮಕ್ಕಳನ್ನು ಕೇಳಬೇಕು. ಕೇಳಲು ಸಂಕೋಚಪಟ್ಟವನು ಮುಂದಿನ ವಾರ ತನ್ನದೇ ಟೆಂಪೋ ಗೊತ್ತುಮಾಡುತ್ತಾನೆ.

ಕೂಡಿ ಮಾಡುವುದು ನಮ್ಮವರಿಂದಾಗದು ಎನ್ನುವವರಿಗೆ ಉತ್ತರ ಬೇಕಾದರೆ ಕ್ಯಾಂಪ್ಕೊ ಇದೆ. 1973ರಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಅಡಿಕೆ ಬೆಳೆಗಾರರನ್ನು ಸೇರಿಸಿ ಹುಟ್ಟಿದ ಸಂಸ್ಥೆ ಅದು. ಗಡಿ ಅದಕ್ಕೆ ಅಡ್ಡಬರಲಿಲ್ಲ. ಅಡಿಕೆ ತಿಂಗಳುಗಟ್ಟಲೆ ಕಾಯುತ್ತದೆ, ತರಕಾರಿ ಕಾಯದು ಎಂಬ ಆಕ್ಷೇಪವನ್ನು ಒಪ್ಪುತ್ತೇವೆ. ಅದಕ್ಕಾಗಿಯೇ ಹೊತ್ತಿಗೆ ಸರಿಯಾಗಿ ಹೊರಡುವ ಒಂದು ಗಾಡಿ ಬೇಕು.

ಬದಿಯಡ್ಕ, ಮುಳ್ಳೇರಿಯ, ಪೆರ್ಲ ಭಾಗದ ಸಹಕಾರಿ ಬ್ಯಾಂಕುಗಳಲ್ಲಿ ಯಾರಾದರೂ ವಾರಕ್ಕೆರಡು ಮುಂಜಾನೆ ತಮ್ಮ ಗೋದಾಮಿನ ಜಗಲಿಯನ್ನು ಇದಕ್ಕೆ ಬಿಟ್ಟುಕೊಡಲಿ. ರಶೀದಿ ಪುಸ್ತಕ ಕನ್ನಡದಲ್ಲೂ ಅಚ್ಚಾಗಲಿ. ಮೊದಲ ತಿಂಗಳ ಬಾಡಿಗೆ ಲೆಕ್ಕವನ್ನು, ಲಾಭವಾಗಿರಲಿ ನಷ್ಟವಾಗಿರಲಿ, ನಮಗೆ ಕಳುಹಿಸಿದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.