ಹಳದಿಯೆಲ್ಲ ಅರಿಶಿನವಲ್ಲ

ಮಕ್ಕಳೇ, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಿಮಗೆ ಗೊತ್ತು. ಹಳದಿಯಾಗಿರುವುದೆಲ್ಲ ಅರಿಶಿನವಲ್ಲ ಎಂಬುದು ಈ ವಾರದ ಮಾತು. ನಾನು ಓದಿದ್ದು ಬಿ.ಕಾಂ. ಆದ್ದರಿಂದ ರಸಾಯನವನ್ನೂ ಬ್ಯಾಂಕಿನ ಲೆಕ್ಕದಲ್ಲೇ ಹೇಳುತ್ತೇನೆ. ಅಜ್ಜ ಅಜ್ಜಿಯರಿಗೂ ಓದಿ ಹೇಳಿ.

ಸೌದೆ ಉರಿಯಲು ಆಮ್ಲಜನಕ ಬೇಕು. ಅದನ್ನು ಸೌದೆ ಗಾಳಿಯಿಂದ ಕಂತಿನ ಸಾಲದಂತೆ ಸ್ವಲ್ಪಸ್ವಲ್ಪವೇ ಪಡೆಯುತ್ತದೆ. ಹಾಗಾಗಿ ಒಲೆ ನಿಧಾನವಾಗಿ ಉರಿಯುತ್ತದೆ. ಟಿ.ಎನ್.ಟಿ. ಎಂಬ ಸಿಡಿಮದ್ದಿನ ರೀತಿಯೇ ಬೇರೆ. ಅದರ ಅಣುವಿನಲ್ಲಿ ಆರು ಇಂಗಾಲದ ಪರಮಾಣುಗಳು ಬಳೆಯಂತೆ ಸುತ್ತಿ ನಿಂತಿರುತ್ತವೆ. ಆ ಬಳೆಗೆ ಮೂರು ನೈಟ್ರೋ ಗುಂಪುಗಳು ಅಂಟಿರುತ್ತವೆ. ಒಂದೊಂದು ಗುಂಪಿನಲ್ಲೂ ಒಂದು ಸಾರಜನಕ, ಎರಡು ಆಮ್ಲಜನಕ. ಅಂದರೆ ಉರಿಯುವುದೂ ಉರಿಸುವುದೂ ಒಂದೇ ಜಂಟಿ ಖಾತೆಯಲ್ಲಿ! ಬಲವಾದ ಆಘಾತ ಸಿಕ್ಕರೆ ಇಡೀ ಠೇವಣಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಸಿ ಅನಿಲವಾಗಿ ಹೊರಬೀಳುತ್ತದೆ. ಅದೇ ಸ್ಫೋಟ. ಇಷ್ಟಾದರೂ ಒಳಗಿನ ಆಮ್ಲಜನಕ ಪೂರ್ತಿ ಸಾಲದು. ಉಳಿದ ಇಂಗಾಲ ಕಪ್ಪು ಹೊಗೆಯಾಗುತ್ತದೆ.

ಇಂಥ ವಸ್ತುಗಳಲ್ಲಿ ಹಲವು ಹಳದಿ. ಟಿ.ಎನ್.ಟಿ.ಯನ್ನು 1863ರಲ್ಲಿ ಜರ್ಮನಿಯ ಯೂಲಿಯುಸ್ ವಿಲ್‌ಬ್ರಾಂಡ್ ಮೊದಲು ತಯಾರಿಸಿದಾಗ ಅದು ಬಟ್ಟೆಯ ಬಣ್ಣವೆನಿಸಿತ್ತು. ಅದರ ಹತ್ತಿರದ ನೆಂಟ ಪಿಕ್ರಿಕ್ ಆಮ್ಲದಿಂದ ರೇಷ್ಮೆಗೆ ಹಳದಿ ಬಣ್ಣ ಕಟ್ಟುತ್ತಿದ್ದರು. ಎರಡೂ ಆಮೇಲೆ ಯುದ್ಧಕ್ಕೆ ಹೋದವು. ಟಿ.ಎನ್.ಟಿ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಕರಗಿಸಿ ಫಿರಂಗಿ ಗುಂಡುಗಳೊಳಗೆ ಎರೆಯುವುದು ಸುಲಭವಾಯಿತು.

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಈ ಕೆಲಸ ಮಾಡಿದವರಲ್ಲಿ ಬಹಳ ಮಂದಿ ಹೆಣ್ಣುಮಕ್ಕಳು. ಅದರ ಪುಡಿ ತಾಗಿ ತಾಗಿ ಅವರ ಚರ್ಮ ಹಳದಿಯಾಯಿತು, ಕೂದಲಿನ ಬಣ್ಣವೂ ಬದಲಾಯಿತು. ಹಳದಿ ಹಕ್ಕಿಯ ಹೆಸರಿಟ್ಟು ಜನ ಅವರನ್ನು ‘ಕ್ಯಾನರಿ ಹುಡುಗಿಯರು’ ಎಂದರು. ಹೆಸರು ಚೆಂದ, ಸಂಗತಿ ಚೆಂದವಲ್ಲ. ಆ ವಿಷ ಯಕೃತ್ತಿಗೆ ಇಳಿದು ಕಾಮಾಲೆಯಾಗಿ ಹಲವರು ತೀರಿಕೊಂಡರು. 1917ರ ಜನವರಿ 19ರಂದು ಲಂಡನ್ನಿನ ಸಿಲ್ವರ್‌ಟೌನ್‌ನಲ್ಲಿ ಸುಮಾರು 50 ಟನ್ ಟಿ.ಎನ್.ಟಿ. ಸಿಡಿದು 73 ಜನ ಸತ್ತರು. ಶತ್ರುವಿನ ಒಂದು ಗುಂಡೂ ಅಲ್ಲಿಗೆ ಬಿದ್ದಿರಲಿಲ್ಲ. ಯುದ್ಧದ ಲೆಕ್ಕ ಬರೆಯುವಾಗ ಈ ಖರ್ಚನ್ನೂ ಬರೆಯಬೇಕು.

ಪಿಕ್ರಿಕ್ ಆಮ್ಲ ಪ್ರಯೋಗಾಲಯಗಳಲ್ಲಿ ಈಗಲೂ ಇರುತ್ತದೆ. ನೀರಿನಲ್ಲಿ ನೆನೆದಿದ್ದರೆ ಅಪಾಯ ಕಡಿಮೆ. ಒಣಗಿದರೆ ಒಂದು ಉಜ್ಜು, ಒಂದು ಪೆಟ್ಟು ಸಾಕು, ಸಿಡಿದೀತು. ಹಳೆಯ ಸೀಸೆಯ ಮುಚ್ಚಳದ ಸುತ್ತ ಹಳದಿ ಹರಳು ಕಂಡರೆ ಮುಟ್ಟಬೇಡಿ, ತಿರುಗಿಸಬೇಡಿ, ಸರಿಸಲೂ ಬೇಡಿ. ದೂರ ಸರಿದು ಮೇಷ್ಟ್ರನ್ನು ಕರೆಯಿರಿ. ಇಲ್ಲಿ ಧೈರ್ಯವಂತರಿಗಿಂತ ಕರೆಯುವವರೇ ಜಾಣರು.