ಯಾರ ನೂಲಿಗೆ ಯಾವ ಸುಂಕ?

2021ರ ಕೇಂದ್ರ ಬಜೆಟ್ ಹತ್ತಿಯ ಮೇಲೆ ಅದುವರೆಗೆ ಇಲ್ಲದಿದ್ದ ಶೇ 10ರ ಆಮದು ಸುಂಕ ಹಾಕಿತು. ಕಚ್ಚಾ ರೇಷ್ಮೆಯ ಸುಂಕವನ್ನು ಶೇ 10ರಿಂದ 15ಕ್ಕೆ ಏರಿಸಿತು. ರೈತರ ಹಿತಕ್ಕಾಗಿ ಎಂದು ಹಣಕಾಸು ಸಚಿವರು ಹೇಳಿದರು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50ರ ಸುಂಕ ಜಡಿಯಲು ಹೊರಟಾಗ ಅದೇ ಸರ್ಕಾರ ಹತ್ತಿಯ ಸುಂಕವನ್ನು ಪೂರ್ತಿ ತೆಗೆಯಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದಿತು, ಹತ್ತು ದಿನ ಕಳೆಯುವಷ್ಟರಲ್ಲಿ ಡಿಸೆಂಬರ್ ಕೊನೆಯವರೆಗೆ ಎಂದಿತು. ಈ ಸಲ ಕೊಟ್ಟ ಕಾರಣ ಜವಳಿ ಉದ್ಯಮದ ಹಿತ. ರಾಯಚೂರು, ಹಾವೇರಿ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ ಇನ್ನೇನು ಬಂದೇಬಿಟ್ಟಿತ್ತು.

ಇದನ್ನು ಎಡಬಿಡಂಗಿತನ ಎಂದು ಬೈದು ಸುಮ್ಮನಾಗಬಹುದು. ಬೈಯಲು ತಕ್ಕದ್ದೂ ಹೌದು. ಆದರೆ ತೊಡಕು ದೆಹಲಿಯ ಗೊಂದಲಕ್ಕಿಂತ ಆಳದ್ದು. ರೈತ ಮಾರುವ ಹತ್ತಿ ಗಿರಣಿಗೆ ಕಚ್ಚಾಮಾಲು, ಗಿರಣಿ ಮಾರುವ ನೂಲು ನೇಕಾರನಿಗೆ ಕಚ್ಚಾಮಾಲು, ನೇಕಾರನ ಬಟ್ಟೆ ಗಾರ್ಮೆಂಟ್ ಕಾರ್ಖಾನೆಗೆ ಕಚ್ಚಾಮಾಲು. ಒಬ್ಬನ ಆದಾಯವೇ ಮುಂದಿನವನ ಖರ್ಚು. ಹೀಗಿರುವಾಗ ‘ದೇಶದ ಹಿತ’ ಎಂಬ ಮಾತಿಗೆ ಸುಂಕದ ಪಟ್ಟಿಯಲ್ಲಿ ಜಾಗ ಎಲ್ಲಿ? ಅಂತರರಾಷ್ಟ್ರೀಯ ವ್ಯಾಪಾರದ ಸಿದ್ಧಾಂತವನ್ನು ಕಳೆದ ಮೂರು ದಶಕಗಳಲ್ಲಿ ಅಲ್ಲಾಡಿಸಿರುವ ಪ್ರಶ್ನೆ ಇದೇ.

ಹಳೆಯ ಸಿದ್ಧಾಂತಕ್ಕೆ ಈ ತಲೆನೋವು ಇರಲಿಲ್ಲ. 1817ರಲ್ಲಿ ಡೇವಿಡ್ ರಿಕಾರ್ಡೊ ಕೊಟ್ಟ ಲೆಕ್ಕ ಅರ್ಥಶಾಸ್ತ್ರದ ಪ್ರತಿ ವಿದ್ಯಾರ್ಥಿಗೂ ಬಾಯಿಪಾಠ. ಒಂದಿಷ್ಟು ಬಟ್ಟೆ ಮಾಡಲು ಇಂಗ್ಲೆಂಡಿಗೆ ವರ್ಷಕ್ಕೆ 100 ಜನ ಬೇಕು, ವೈನ್ ಮಾಡಲು 120 ಜನ. ಪೋರ್ಚುಗಲ್‌ಗೆ ಅಷ್ಟೇ ಬಟ್ಟೆಗೆ 90, ವೈನ್‌ಗೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದೆ. ಆದರೂ ಅದು ವೈನ್ ಮಾತ್ರ ಮಾಡಿ ಇಂಗ್ಲೆಂಡಿನಿಂದ ಬಟ್ಟೆ ಕೊಂಡರೆ ಇಬ್ಬರಿಗೂ ಲಾಭ. ಚೆಂದದ ಲೆಕ್ಕ, ಇವತ್ತಿಗೂ ತಪ್ಪಾಗಿಲ್ಲ. ಆದರೆ ಅದು ನಿಂತಿರುವುದು ಎರಡು ಊಹೆಗಳ ಮೇಲೆ. ಬಟ್ಟೆ ಎಂದರೆ ಮೊದಲಿನಿಂದ ಕೊನೆಯವರೆಗೆ ಒಂದೇ ದೇಶದಲ್ಲಿ ತಯಾರಾದ ಬಟ್ಟೆ. ಬಂಡವಾಳ ಹುಟ್ಟಿದ ನೆಲ ಬಿಟ್ಟು ಕದಲುವುದಿಲ್ಲ. ಹಣವಂತರು ಪರದೇಶದಲ್ಲಿ ಹೆಚ್ಚು ಲಾಭ ಹುಡುಕುವುದಕ್ಕಿಂತ ಸ್ವದೇಶದ ಕಡಿಮೆ ಲಾಭಕ್ಕೇ ತೃಪ್ತರಾಗುತ್ತಾರೆ ಎಂದು ರಿಕಾರ್ಡೊ ನಂಬಿದ್ದ. ಕಂಟೇನರ್ ಹಡಗು, ಇಂಟರ್‌ನೆಟ್ ಮತ್ತು 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ್ದು, ಈ ಮೂರೂ ಕೂಡಿ ಎರಡು ಊಹೆಗಳನ್ನೂ ಮುಗಿಸಿದವು.

ರಾಮನಗರದ ರೇಷ್ಮೆ ಗೂಡು ಮಾರುಕಟ್ಟೆಯನ್ನೇ ನೋಡಿ. ದೇಶದ ಕಚ್ಚಾ ರೇಷ್ಮೆಯಲ್ಲಿ ಸುಮಾರು ಮೂರನೇ ಒಂದು ಪಾಲು ಕರ್ನಾಟಕದ್ದು. ಹಿಪ್ಪುನೇರಳೆ ಬೆಳೆದು ಹುಳು ಸಾಕಿದ ರೈತ ಗೂಡು ತರುತ್ತಾನೆ. ರೀಲರ್ ಅದನ್ನು ಕೊಂಡು ನೂಲು ಬಿಚ್ಚುತ್ತಾನೆ. ನೂಲಿಗೆ ಹುರಿ ಹಾಕುವವರು ಬೇರೆ, ಬಣ್ಣ ಹಾಕುವವರು ಬೇರೆ. ಆಮೇಲೆ ಅದು ದೊಡ್ಡಬಳ್ಳಾಪುರ, ಕಾಂಚೀಪುರ, ಧರ್ಮಾವರ, ವಾರಾಣಸಿಯ ಮಗ್ಗ ಸೇರುತ್ತದೆ. ನಮ್ಮ ಸಾಂಪ್ರದಾಯಿಕ ಮಿಶ್ರತಳಿ ಗೂಡಿನ ನೂಲು ಹೊಕ್ಕಿಗೆ ಸೊಗಸು. ಹಾಸಿನ ಎಳೆಗೆ, ಅದರಲ್ಲೂ ಪವರ್‌ಲೂಮ್‌ನ ವೇಗ ತಡೆಯುವ ಹಾಸಿನ ಎಳೆಗೆ, ಒಂದೇ ಸಮನಾದ ಗಟ್ಟಿ ಬೈವೋಲ್ಟೀನ್ (ದ್ವಿತಳಿ) ನೂಲು ಬೇಕು. ಅದು ಇಲ್ಲಿ ಸಾಲದು. ಆ ಕೊರತೆಯ ಸಂದಿಯಲ್ಲೇ ಚೀನಾದ ರೇಷ್ಮೆ ಒಳಗೆ ಬಂದದ್ದು.

2001ರಲ್ಲಿ ಆಮದಿನ ಮೇಲಿದ್ದ ಪ್ರಮಾಣದ ಮಿತಿಗಳು ಹೋದವು. ಅಗ್ಗದ ಚೀನಾ ನೂಲು ನುಗ್ಗಿ ಗೂಡಿನ ಬೆಲೆ ಬಿತ್ತು. 2003ರಲ್ಲಿ ಕೆಳದರ್ಜೆಯ ಚೀನಾ ರೇಷ್ಮೆಗೆ ಆಂಟಿ ಡಂಪಿಂಗ್ ಸುಂಕ ಬಂತು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಯಿತು. ನೇಕಾರರು ನಿಟ್ಟುಸಿರು ಬಿಟ್ಟರು, ಗೂಡಿನ ಧಾರಣೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಶೇ 15, ನಡುವೆ ಮತ್ತೆ 10, 2021ರಲ್ಲಿ ಮರಳಿ 15. ಹಿಪ್ಪುನೇರಳೆ ತೋಟ ಒಮ್ಮೆ ಹಾಕಿದರೆ ಹದಿನೈದು ವರ್ಷಕ್ಕೂ ಹೆಚ್ಚು ಸೊಪ್ಪು ಕೊಡುತ್ತದೆ. ಹತ್ತು ವರ್ಷದಲ್ಲಿ ನಾಲ್ಕು ಸಲ ಬದಲಾದ ಸುಂಕವನ್ನು ನಂಬಿ ಯಾರು ತೋಟ ಹಾಕಬೇಕು? ಬೈವೋಲ್ಟೀನ್ ಹುಳು ಸಾಕಲು ಬೇಕಾದ ಒಳ್ಳೆಯ ಹುಳುಮನೆ ಕಟ್ಟಿಸಲು ಯಾವ ಧೈರ್ಯದಿಂದ ಸಾಲ ತೆಗೆಯಬೇಕು?

ಸಂರಕ್ಷಣೆಯ ನಿಜವಾದ ಅಳತೆ ಯಾವುದು ಎಂಬುದನ್ನು ಮ್ಯಾಕ್ಸ್ ಕಾರ್ಡನ್ ಎಂಬ ಆಸ್ಟ್ರೇಲಿಯಾದ ಅರ್ಥಶಾಸ್ತ್ರಜ್ಞ 1966ರಲ್ಲೇ ಬಿಡಿಸಿ ಹೇಳಿದ್ದ. ಉದಾಹರಣೆಗೆ, ಜಗತ್ತಿನ ಮಾರುಕಟ್ಟೆಯಲ್ಲಿ ಒಂದು ತುಂಡು ರೇಷ್ಮೆ ಬಟ್ಟೆಯ ಬೆಲೆ 100 ರೂಪಾಯಿ, ಅದರಲ್ಲಿ ನೂಲಿನ ಪಾಲು 60 ಎನ್ನಿ. ನೇಕಾರನ ದುಡಿಮೆಗೆ, ಮಗ್ಗಕ್ಕೆ ಉಳಿಯುವುದು 40. ನೂಲಿಗೆ ಶೇ 15 ಸುಂಕ ಹಾಕಿದಿರಿ. ನೂಲಿನ ಖರ್ಚು 69 ಆಯಿತು. ಬಟ್ಟೆ ಮಾತ್ರ ಯಾವುದೋ ಮುಕ್ತ ವ್ಯಾಪಾರ ಒಪ್ಪಂದದಡಿ ಸುಂಕವಿಲ್ಲದೆ ಒಳಬಂದರೆ ಬೆಲೆ ನೂರರಲ್ಲೇ ನಿಲ್ಲುತ್ತದೆ. ನೇಕಾರನಿಗೆ ನಲವತ್ತರ ಜಾಗದಲ್ಲಿ ಮೂವತ್ತೊಂದು. ಶೇ 15ರ ಸುಂಕ ಅವನ ಗಳಿಕೆಯ ಸುಮಾರು ಕಾಲುಭಾಗವನ್ನು ನುಂಗಿತು, ಅದೂ ‘ದೇಶೀಯ ರೇಷ್ಮೆಯ ರಕ್ಷಣೆ’ ಎಂಬ ಹೆಸರಲ್ಲಿ. ಸರಕುಗಳು ಒಂದೊಂದು ಹಂತಕ್ಕೊಂದು ದೇಶ ದಾಟುವ ಈ ಕಾಲದಲ್ಲಿ ಕಾರ್ಡನ್‌ನ ಲೆಕ್ಕ ಪಠ್ಯಪುಸ್ತಕದಿಂದ ಎದ್ದು ಬಂದು ಬಜೆಟ್ ಕಡತದ ಮೇಲೆ ಕೂರಬೇಕಿತ್ತು. ಕೂತಂತೆ ಕಾಣುವುದಿಲ್ಲ. ಮತ್ತೊಂದು ತಮಾಷೆಯೂ ಇದೆ. ಚೀನಾ ರೇಷ್ಮೆಗೆ ಸಾಟಿಯಾಗಲೆಂದು ಇಲ್ಲಿ ಸಹಾಯಧನ ಕೊಟ್ಟು ಹಾಕಿಸಿದ ಸ್ವಯಂಚಾಲಿತ ರೀಲಿಂಗ್ ಯಂತ್ರಗಳಲ್ಲಿ ಮೊದಮೊದಲಿನವು ಬಂದದ್ದೇ ಚೀನಾದಿಂದ.

ಇನ್ನು ಫೋನಿನ ಕಥೆ. 2010ರಲ್ಲಿ ಟೋಕಿಯೊದ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ಅಧ್ಯಯನವೊಂದು ಐಫೋನನ್ನು ಬಿಚ್ಚಿ ಲೆಕ್ಕ ಹಾಕಿತು. ಚೀನಾದಿಂದ ರಫ್ತಾಗುವಾಗ ಅದರ ತಯಾರಿಕಾ ವೆಚ್ಚ 178.96 ಡಾಲರ್, ಅದರಲ್ಲಿ ಚೀನಾದ ಕಾರ್ಮಿಕರು ಜೋಡಿಸಿದ್ದಕ್ಕೆ ಸಂದದ್ದು 6.50 ಡಾಲರ್. ಉಳಿದದ್ದು ಜಪಾನ್, ಜರ್ಮನಿ, ದಕ್ಷಿಣ ಕೊರಿಯಾ, ಅಮೆರಿಕ ಮೊದಲಾದ ದೇಶಗಳ ಭಾಗಗಳದ್ದು. ಆದರೆ ವ್ಯಾಪಾರದ ಅಂಕಿಅಂಶದಲ್ಲಿ ಇಡೀ ಮೊತ್ತ ಚೀನಾದ ರಫ್ತು! 2025ರ ಏಪ್ರಿಲ್‌ನಲ್ಲಿ ಅಮೆರಿಕ ಒಂದೊಂದು ದೇಶಕ್ಕೆ ಒಂದೊಂದು ಸುಂಕ ಘೋಷಿಸಿದ್ದು ಇಂಥ ಅಂಕಿಗಳನ್ನೇ ಹಿಡಿದು. ವ್ಯಾಪಾರ ಕೊರತೆಯನ್ನು ಆಮದಿನಿಂದ ಭಾಗಿಸಿದರು, ಬಂದದ್ದನ್ನು ಅರ್ಧ ಮಾಡಿದರು, ಅದೇ ಸುಂಕ. ಭಾರತಕ್ಕೆ ಸಿಕ್ಕಿದ್ದು ಶೇ 26. ರಿಕಾರ್ಡೊನಿಂದ ಹಿಡಿದು ನೊಬೆಲ್ ಪಡೆದ ಪಾಲ್ ಕ್ರುಗ್‌ಮನ್‌ವರೆಗೆ ಎರಡು ಶತಮಾನ ಬೆಳೆದ ಸಿದ್ಧಾಂತಕ್ಕೂ ಈ ಭಾಗಾಕಾರಕ್ಕೂ ಯಾವ ನಂಟೂ ಇಲ್ಲ.

ಆ ವರ್ಷದ ಆಗಸ್ಟ್‌ನ ಶೇ 50ರಲ್ಲಿ ಸ್ಮಾರ್ಟ್‌ಫೋನ್‌ಗೆ ವಿನಾಯಿತಿ ಇತ್ತು, ಸಿದ್ಧ ಉಡುಪಿಗೆ ಇರಲಿಲ್ಲ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಹೆಣ್ಣುಮಗಳ ಕೆಲಸಕ್ಕೆ ಧಕ್ಕೆ ಬರಲಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಅಮೆರಿಕಕ್ಕೆ ಅಂಗಿ ಹೊಲಿಯುವವಳ ಕೆಲಸ ತೂಗುಯ್ಯಾಲೆಗೆ ಬಿತ್ತು. ನಮ್ಮ ಸರ್ಕಾರವೂ ಫೋನಿನ ಬಿಡಿಭಾಗಗಳ ಸುಂಕವನ್ನು 2024ರ ಜನವರಿಯಲ್ಲಿ ಶೇ 15ರಿಂದ 10ಕ್ಕೆ ಇಳಿಸಿತ್ತು. ಕಚ್ಚಾಮಾಲು ಅಗ್ಗವಾದರೆ ಮಾತ್ರ ಜೋಡಣೆ ಇಲ್ಲಿ ಉಳಿಯುತ್ತದೆ ಎಂಬ ವಾದ ಫೋನಿನ ವಿಷಯದಲ್ಲಿ ದೆಹಲಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅದೇ ವಾದವನ್ನು ದೊಡ್ಡಬಳ್ಳಾಪುರದ ನೇಕಾರ ಹೇಳಿದರೆ ಕಿವಿ ಮಂದ. ಫೋನಿನ ಬಿಡಿಭಾಗ ಮಾಡುವ ಸಣ್ಣ ರೈತ ನಮ್ಮಲ್ಲಿ ಇಲ್ಲದಿರುವುದು ಇದಕ್ಕೆ ಒಂದು ಕಾರಣ, ಒಪ್ಪೋಣ. ದೊಡ್ಡ ಕಂಪನಿಯ ಮಾತಿಗಿರುವ ತೂಕ ಇನ್ನೊಂದು.

ಹಾಗಾದರೆ ಸುಂಕವೇ ಬೇಡವೇ? ಅದನ್ನೂ ನಾನು ಒಪ್ಪುವುದಿಲ್ಲ. ರಾಮನಗರದ ಗೂಡು ಮಾರುಕಟ್ಟೆಗೆ ಹತ್ತಿರದಲ್ಲೇ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದೆ. ಮೂಲದಲ್ಲಿ ಮಗ್ಗ ತಯಾರಿಸುತ್ತಿದ್ದ ಮನೆತನದ ಕಂಪನಿ ಅದು. 1936ರಲ್ಲಿ ಜಪಾನ್ ಕಾನೂನು ಮಾಡಿ ಫೋರ್ಡ್, ಜನರಲ್ ಮೋಟರ್ಸ್‌ಗಳನ್ನು ಹತ್ತಿಕ್ಕಿ ಸ್ವದೇಶಿ ಕಾರಿಗೆ ದಾರಿ ಮಾಡಿಕೊಟ್ಟಿತು. ಒಂದು ಕಾಲಕ್ಕೆ ಜಗತ್ತಿಗೇ ರೇಷ್ಮೆ ಮಾರುತ್ತಿದ್ದ ದೇಶ ರೇಷ್ಮೆ ಬಿಟ್ಟು ಕಾರಿಗೆ ಹೋದದ್ದು ಹವಾಮಾನ ಹೇಳಿದ್ದಕ್ಕಲ್ಲ. ಬಿಟ್ಟ ವಿದ್ಯೆಯನ್ನೂ ವ್ಯರ್ಥ ಮಾಡಲಿಲ್ಲ. 1991ರಿಂದ 2007ರವರೆಗೆ ಅದೇ ಜಪಾನಿನ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ನಿಂತು ಬೈವೋಲ್ಟೀನ್ ತಳಿ ಮತ್ತು ಸಾಕಣೆಯನ್ನು ಇಲ್ಲಿ ಬೇರೂರಿಸಲು ದುಡಿದರು. ರಿಕಾರ್ಡೊ ಹೇಳಿದ ಅನುಕೂಲ ನೆಲದಿಂದ ತಾನೇ ಮೊಳೆಯುವುದಲ್ಲ, ಅದನ್ನು ಕಟ್ಟಬಹುದು. ಕಟ್ಟಲು ಗುರಿ ಬೇಕು, ಗಡುವು ಬೇಕು. ನಮ್ಮ ರೇಷ್ಮೆ ಸುಂಕಕ್ಕೆ ಎರಡೂ ಇಲ್ಲ.

ಸಿದ್ಧಾಂತ ತಾನೇ ಒಪ್ಪಿಕೊಂಡು ನೀತಿ ಮಾತ್ರ ಮರೆತ ಇನ್ನೊಂದು ಸಂಗತಿ ಇದೆ. ಮುಕ್ತ ವ್ಯಾಪಾರದಿಂದ ದೇಶಕ್ಕೆ ಒಟ್ಟಾರೆ ಲಾಭವಾದರೂ ಒಳಗೊಂದು ವರ್ಗ ಖಚಿತವಾಗಿ ಸೋಲುತ್ತದೆ ಎಂದು ಸ್ಟೋಲ್ಪರ್ ಮತ್ತು ಸ್ಯಾಮುವೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1941ರಲ್ಲೇ ತೋರಿಸಿದ್ದರು. ಗೆದ್ದವರು ಸೋತವರಿಗೆ ತುಂಬಿಕೊಡಬಹುದಲ್ಲ ಎಂಬುದು ಅರ್ಥಶಾಸ್ತ್ರಜ್ಞರ ಸಮಾಧಾನ. ಕೊಡುತ್ತಾರೆಯೇ? ಆಟರ್, ಡಾರ್ನ್, ಹ್ಯಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನ, ಚೀನಾದ ಆಮದಿಗೆ ಸಿಕ್ಕಿದ ಅಮೆರಿಕದ ಪಟ್ಟಣಗಳಲ್ಲಿ ಕೆಲಸ ಕಳೆದುಕೊಂಡವರು ಬೇರೆ ಊರಿಗೂ ಹೋಗದೆ, ಬೇರೆ ಕೆಲಸವೂ ಸಿಗದೆ ಉಳಿದದ್ದನ್ನು ತೋರಿಸಿತು. ಅಂಥವರ ನೆರವಿಗೆಂದು 1962ರಲ್ಲಿ ಕೆನಡಿ ಕಾಲದಲ್ಲಿ ಅಲ್ಲಿ ಯೋಜನೆಯೊಂದು ಹುಟ್ಟಿತ್ತು. 2022ರ ಜುಲೈನಲ್ಲಿ ಅದರ ಅವಧಿ ಮುಗಿಯಿತು. ಅಮೆರಿಕದ ಕಾಂಗ್ರೆಸ್ ವಿಸ್ತರಿಸಲಿಲ್ಲ. ನಮ್ಮಲ್ಲಂತೂ ಅಂಥದ್ದು ಹುಟ್ಟಲೇ ಇಲ್ಲ. ಇಲ್ಲಿ ಸೋತವರಿಗೆ ಇರುವ ದಾರಿ ಒಂದೇ, ರಸ್ತೆ ತಡೆ. ರಸ್ತೆ ತಡೆ ದೊಡ್ಡದಾದರೆ ಸುಂಕ ಏರುತ್ತದೆ.

ಜಗಳ ಬಗೆಹರಿಸುವ ಮೇಲಿನ ಕಟ್ಟೆಯೂ ಮುಚ್ಚಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿಗೆ ಸದಸ್ಯರ ನೇಮಕವನ್ನು ಅಮೆರಿಕ ತಡೆದದ್ದರಿಂದ 2019ರ ಡಿಸೆಂಬರ್‌ನಿಂದ ಅದು ಕೆಲಸ ಮಾಡುತ್ತಿಲ್ಲ. ಹಾಗಾಗಿ ಪ್ರತಿ ದೇಶವೂ ತನ್ನ ಪಾಡಿಗೆ ಒಪ್ಪಂದ ಕುದುರಿಸುವ ಕಾಲವಿದು. ನಾವು 2019ರ ನವೆಂಬರ್‌ನಲ್ಲಿ ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಹೊರಬಂದೆವು. ಹಾಲು ಉತ್ಪಾದಕರ ದೃಷ್ಟಿಯಿಂದ ಅದು ಸರಿ ಎಂದೇ ನನ್ನ ಎಣಿಕೆ. ಆದರೆ ಆಸಿಯಾನ್ ಒಪ್ಪಂದ 2010ರಿಂದ ಜಾರಿಯಲ್ಲಿದೆ. ಚೀನಾಕ್ಕೆ ಹಾಕಿದ ಸುಂಕದ ಬೇಲಿ ಸುತ್ತಿ ಸರಕು ಆ ದಾರಿಯಿಂದ ಬಾರದಂತೆ 2020ರಲ್ಲಿ ಮೂಲ ದೇಶದ ಪುರಾವೆ ಕೇಳುವ ಹೊಸ ನಿಯಮ ಮಾಡಬೇಕಾಯಿತು. ಮುಂದಿನ ಒಪ್ಪಂದಗಳಲ್ಲಿ ನಿಜವಾದ ಜಗ್ಗಾಟ ಸುಂಕದ ಶೇಕಡಾವಾರಿನ ಮೇಲೆ ನಡೆಯುವುದಿಲ್ಲ. ಯಾವ ಹಂತ ಎಲ್ಲಿ ನಡೆದರೆ ಸರಕು ಯಾವ ದೇಶದ್ದಾಗುತ್ತದೆ ಎಂಬುದರ ಮೇಲೆ ನಡೆಯುತ್ತದೆ.

ರಾಜ್ಯದ ಸಂಸದರಲ್ಲಿ, ಪಕ್ಷ ಯಾವುದಾದರೂ ಸರಿ, ಒಂದು ಕೇಳಿಕೆ. ಮುಂದಿನ ಬಜೆಟ್‌ಗೆ ಮೊದಲು ರೇಷ್ಮೆ ಬೆಳೆಗಾರರ ನಿಯೋಗವನ್ನು ಒಂದು ದಿನ, ನೇಕಾರರ ನಿಯೋಗವನ್ನು ಇನ್ನೊಂದು ದಿನ ದೆಹಲಿಗೆ ಕರೆದೊಯ್ದು ಇಬ್ಬರಿಗೂ ಭರವಸೆ ಕೊಡಿಸುವುದನ್ನು ಬಿಡಿ. ಇಬ್ಬರನ್ನೂ ರೀಲರ್‌ಗಳನ್ನೂ ಒಂದೇ ಮೇಜಿನ ಮುಂದೆ ಕೂರಿಸಿ. ಸುಂಕ ಎಷ್ಟು ವರ್ಷ ಇರುತ್ತದೆ ಎಂದು ಮೊದಲೇ ಬರೆಸಿ. ಅದರಿಂದ ಬಂದ ಹಣ ಬೈವೋಲ್ಟೀನ್ ಬೆಳೆಗೂ ನೇಕಾರರ ನೂಲಿನ ರಿಯಾಯಿತಿಗೂ ಹೋಗುವಂತೆ ಕಾನೂನಿನಲ್ಲೇ ಕಟ್ಟಿಸಿ.